ಮೂರು ಗೆರೆ ಎಳೆದ ಶೂಹಾರ್ಟ್

ಪುಣೆಯ ಚಾಕಣ್, ಚೆನ್ನೈ ಹೊರವಲಯದ ಒರಗಡಂ, ಹೈದರಾಬಾದಿನ ಜೀಡಿಮೆಟ್ಲ, ದೆಹಲಿ ಪಕ್ಕದ ಮಾನೇಸರ. ನಮ್ಮವರು ಹೊಟ್ಟೆಪಾಡಿಗೆಂದು ಹೋಗಿ ಸೇರಿಕೊಂಡ ಯಾವ ಕೈಗಾರಿಕಾ ಪ್ರದೇಶದಲ್ಲಿ ನೋಡಿದರೂ ಮಷಿನ್ ಪಕ್ಕದ ಬೋರ್ಡಿನಲ್ಲಿ ಒಂದು ಹಾಳೆ ನೇತಾಡುತ್ತಿರುತ್ತದೆ. ನಡುವೆ ಒಂದು ಗೆರೆ, ಮೇಲೊಂದು ಗೆರೆ, ಕೆಳಗೊಂದು ಗೆರೆ. ಅವುಗಳ ಮಧ್ಯೆ ಚುಕ್ಕಿಗಳನ್ನು ಜೋಡಿಸಿಕೊಂಡು ಹೋದ ಅಂಕುಡೊಂಕು ದಾರಿ. ಕ್ವಾಲಿಟಿ ವಿಭಾಗದಲ್ಲಿ ಕೆಲಸ ಮಾಡುವವರಿಗೆ ಇದು ಕಂಟ್ರೋಲ್ ಚಾರ್ಟ್. ಗಿರಾಕಿ ಕಂಪನಿಯ ಆಡಿಟರ್ ಬರುವ ಹಿಂದಿನ ರಾತ್ರಿ ಕೂತು ತುಂಬುವ ಹಾಳೆ ಎಂದೂ ಕೆಲವರು ಹೇಳಿಯಾರು. ಇದನ್ನು ಮೊದಲು ಬರೆದವರು ಯಾರು ಎಂದು ಕೇಳಿದರೆ ಹೆಚ್ಚಿನವರು ಡೆಮಿಂಗ್ ಎನ್ನುತ್ತಾರೆ, ಇಲ್ಲವೇ ಜಪಾನಿನವರು ಎನ್ನುತ್ತಾರೆ. ಎರಡೂ ಅಲ್ಲ. ಅವರು ವಾಲ್ಟರ್ ಆಂಡ್ರ್ಯೂ ಶೂಹಾರ್ಟ್. ಡೆಮಿಂಗ್ ಅವರೇ ಜೀವನವಿಡೀ ತಮ್ಮ ಗುರು ಎಂದು ಹೇಳಿಕೊಂಡು ಬಂದದ್ದು ಈ ಮನುಷ್ಯನನ್ನು.

ಶೂಹಾರ್ಟ್ ಹುಟ್ಟಿದ್ದು 1891ರ ಮಾರ್ಚ್ 18ರಂದು, ಅಮೆರಿಕದ ಇಲಿನಾಯ್ ರಾಜ್ಯದ ನ್ಯೂ ಕ್ಯಾಂಟನ್ ಎಂಬ ಸಣ್ಣ ಊರಿನಲ್ಲಿ. ಓದಿದ್ದು ಭೌತಶಾಸ್ತ್ರ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪದವಿ, ಸ್ನಾತಕೋತ್ತರ ಪದವಿ. 1917ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್. ನಡುವೆ 1914ರಲ್ಲಿ ಎಡ್ನಾ ಹಾರ್ಟ್ ಅವರೊಂದಿಗೆ ಮದುವೆ. ಸ್ವಲ್ಪ ಕಾಲ ಮೇಷ್ಟ್ರ ಕೆಲಸವನ್ನೂ ಮಾಡಿದರು. ಹೀಗೇ ಮುಂದುವರಿದಿದ್ದರೆ ಯಾವುದೋ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರೊಫೆಸರ್ ಆಗಿ ನಿವೃತ್ತರಾಗುತ್ತಿದ್ದರೋ ಏನೋ. 1918ರಲ್ಲಿ ಅವರು ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ತಪಾಸಣೆ ಎಂಜಿನಿಯರಿಂಗ್ ವಿಭಾಗ ಸೇರಿದರು.

ಈ ಕಂಪನಿ ಅಮೆರಿಕದ ಬೆಲ್ ಟೆಲಿಫೋನ್ ವ್ಯವಸ್ಥೆಗೆ ಬೇಕಾದ ಸಾಮಾನುಗಳನ್ನೆಲ್ಲ ತಯಾರಿಸುತ್ತಿತ್ತು. ಶಿಕಾಗೋ ಬಳಿಯ ಅದರ ಹಾಥಾರ್ನ್ ಕಾರ್ಖಾನೆಯಲ್ಲಿ 1920ರ ದಶಕದಲ್ಲಿ ನಲವತ್ತು ಸಾವಿರದಷ್ಟು ಜನ ದುಡಿಯುತ್ತಿದ್ದರು. ಅವರಲ್ಲಿ ಸಾವಿರಾರು ಮಂದಿಯದು ತಪಾಸಣೆಯೊಂದೇ ಕೆಲಸ. ಬಂದ ಮಾಲನ್ನು ನೋಡುವುದು, ಕೆಟ್ಟದ್ದನ್ನು ಎತ್ತಿ ಪಕ್ಕಕ್ಕಿಡುವುದು. ನಮ್ಮ ಮನೆಗಳಲ್ಲಿ ಅಕ್ಕಿ ಆರಿಸುತ್ತಿದ್ದ ಹಾಗೆ. ಆದರೆ ಟೆಲಿಫೋನಿನ ವಿಚಾರದಲ್ಲಿ ಅಕ್ಕಿ ಆರಿಸುವ ಪದ್ಧತಿ ಸಾಲುತ್ತಿರಲಿಲ್ಲ. ಆಂಪ್ಲಿಫೈಯರ್‌ನಂಥ ಎಷ್ಟೋ ಉಪಕರಣಗಳನ್ನು ನೆಲದಡಿ ಹೂಳುತ್ತಿದ್ದರು. ಒಮ್ಮೆ ಹೂತದ್ದು ಕೆಟ್ಟರೆ ಅಗೆದು ತೆಗೆಯುವ ಖರ್ಚೇ ಉಪಕರಣದ ಬೆಲೆಗಿಂತ ಹೆಚ್ಚು. ಫ್ಯೂಸು ಸರಿಯಾದ ಹೊತ್ತಿಗೆ ಸುಡುತ್ತದೆಯೇ ಎಂದು ಪೂರ್ತಿ ಪರೀಕ್ಷೆ ಮಾಡಲು ಹೊರಟರೆ ಮಾರಲು ಒಂದೂ ಫ್ಯೂಸು ಉಳಿಯುವುದಿಲ್ಲ. ಅಂದಮೇಲೆ ಕೆಲವನ್ನು ನೋಡಿ ಉಳಿದೆಲ್ಲದರ ಬಗ್ಗೆ ಮಾತಾಡಲೇಬೇಕು. ಎಷ್ಟು ನೋಡಬೇಕು? ನೋಡಿದ್ದರಿಂದ ಏನನ್ನು ಹೇಳಬಹುದು, ಏನನ್ನು ಹೇಳಬಾರದು?

ಇನ್ನೊಂದು ತೊಂದರೆಯನ್ನು ಡೆಮಿಂಗ್ ಮುಂದೆ ಎಷ್ಟೋ ಸಲ ಹೇಳುತ್ತಿದ್ದರು. ಎಲ್ಲ ಪೀಸೂ ಒಂದೇ ಥರ ಇರಬೇಕೆಂದು ವೆಸ್ಟರ್ನ್ ಎಲೆಕ್ಟ್ರಿಕ್‌ನವರಿಗೆ ಬಹಳ ಹಂಬಲ. ಸ್ವಲ್ಪ ವ್ಯತ್ಯಾಸ ಕಂಡರೂ ಮಷಿನ್ ಸರಿಪಡಿಸುತ್ತಿದ್ದರು, ಮರುದಿನ ಮತ್ತೆ ಸರಿಪಡಿಸುತ್ತಿದ್ದರು. ಸರಿಪಡಿಸಿದಷ್ಟೂ ವ್ಯತ್ಯಾಸ ಹೆಚ್ಚುತ್ತಿತ್ತು. ಲೇತ್ ಮೇಲೆ ಕೆಲಸ ಮಾಡಿದವರಿಗೆ ಇದು ಗೊತ್ತಿರುವ ಕಥೆ. ಒಂದು ಪೀಸು ಐದು ಮೈಕ್ರಾನ್ ದಪ್ಪ ಬಂತೆಂದು ಐದು ಮೈಕ್ರಾನ್ ಆಫ್‌ಸೆಟ್ ಕೊಡುತ್ತೇವೆ. ಮುಂದಿನದು ಏಳು ತೆಳ್ಳಗೆ ಬಂತು, ಏಳು ವಾಪಸ್ ಕೊಡುತ್ತೇವೆ. ಮಷಿನ್ ತನ್ನಷ್ಟಕ್ಕೆ ಸ್ಥಿರವಾಗಿದ್ದರೆ, ಹೀಗೆ ಪ್ರತಿ ಪೀಸಿಗೂ ಆಫ್‌ಸೆಟ್ ಕೊಟ್ಟವನ ಮಾಲಿನ ಹರಡು ಸುಮ್ಮನೆ ಬಿಟ್ಟವನದ್ದಕ್ಕಿಂತ ಶೇಕಡಾ 40ರಷ್ಟು ಜಾಸ್ತಿಯಾಗುತ್ತದೆ. ಇದು ಲೆಕ್ಕ ಹಾಕಿ ತೋರಿಸಬಹುದಾದ ಮಾತು. ಶ್ರದ್ಧೆಯಿಂದ ದುಡಿಯುವವನೇ ಹೆಚ್ಚು ಕೆಡಿಸುತ್ತಾನೆ. ಬೈಗುಳವೂ ಅವನಿಗೇ.

1924ರ ಮೇ 16ರಂದು ಶೂಹಾರ್ಟ್ ತಮ್ಮ ಮೇಲಧಿಕಾರಿ ಜಾರ್ಜ್ ಎಡ್ವರ್ಡ್ಸ್ ಅವರಿಗೆ ಒಂದು ಟಿಪ್ಪಣಿ ಕೊಟ್ಟರು. ಒಂದು ಪುಟದಷ್ಟು, ಅದರಲ್ಲೂ ಮೂರನೇ ಒಂದು ಭಾಗ ಚಿತ್ರ. ಇಂದು ನಾವು ಕಂಟ್ರೋಲ್ ಚಾರ್ಟ್ ಎನ್ನುವುದನ್ನು ಆ ಚಿತ್ರದಲ್ಲಿ ಯಾರು ಬೇಕಾದರೂ ಗುರುತು ಹಿಡಿಯಬಹುದು. ಚಿತ್ರದ ಹಿಂದುಮುಂದಿನ ಕೆಲವು ಸಾಲುಗಳಲ್ಲಿ ಮುಂದೆ ಬೆಳೆಯಲಿದ್ದ ಶಾಸ್ತ್ರದ ತಿರುಳೆಲ್ಲ ಬಂದಿತ್ತು ಎಂದು ಎಡ್ವರ್ಡ್ಸ್ ನೆನಪಿಸಿಕೊಂಡಿದ್ದಾರೆ. ನಲವತ್ತು ಸ್ಲೈಡಿನ ಪ್ರೆಸೆಂಟೇಶನ್ ಇಲ್ಲದೆ ಮೀಟಿಂಗ್ ಶುರುವಾಗದ ನಮ್ಮ ಕಾಲದವರಿಗೆ ಇದು ಹೊಟ್ಟೆಕಿಚ್ಚಿನ ಸಂಗತಿ.

ಆ ತಿರುಳು ಏನು? ಶೂಹಾರ್ಟ್ ತಮ್ಮ ಪುಸ್ತಕದಲ್ಲಿ ಓದುಗನ ಕೈಗೆ ಒಂದು ಕೆಲಸ ಕೊಡುತ್ತಾರೆ: ಇಂಗ್ಲಿಷಿನ ಎ ಅಕ್ಷರ ಬರೆ, ಅದರ ಪಕ್ಕ ಅದೇ ಥರ ಇನ್ನೊಂದು ಬರೆ. ನಾವು ಕನ್ನಡದವರು ಕ ಬರೆದು ನೋಡೋಣ. ಎಷ್ಟೇ ಜಾಗ್ರತೆಯಿಂದ ಬರೆದರೂ ಎರಡು ಕ ಒಂದೇ ಥರ ಬರುವುದಿಲ್ಲ. ಹಾಗೆಂದು ಕೈ ಕೆಟ್ಟಿದೆ ಎನ್ನಲಾಗದು. ಕಾಗದ, ಪೆನ್ನು, ಬೆರಳು, ಉಸಿರು, ಗಮನ ಎಲ್ಲವೂ ಚೂರುಚೂರು ಆಚೀಚೆ ಆಗಿ ಈ ವ್ಯತ್ಯಾಸ ಹುಟ್ಟುತ್ತದೆ. ಯಾವುದೇ ಒಂದನ್ನು ಹಿಡಿದು ಇದೇ ಕಾರಣ ಎಂದು ಬೆರಳು ಮಾಡಲಾಗದು. ಆದರೆ ಬರೆಯುವಾಗ ಪಕ್ಕದವರು ಮೊಣಕೈ ತಾಕಿಸಿದರೆ ಬರುವ ಕ ಬೇರೆಯೇ. ಅದಕ್ಕೆ ಕಾರಣ ಇದೆ, ಹುಡುಕಿದರೆ ಸಿಗುತ್ತದೆ, ಸಿಕ್ಕರೆ ತೆಗೆದುಹಾಕಬಹುದು. ಮೊದಲನೆಯದು ಸಹಜ ಏರುಪೇರು, ಎರಡನೆಯದು ಕಾರಣ ಹಿಡಿಯಬಹುದಾದ ಏರುಪೇರು. ಕಾರ್ಖಾನೆಯಲ್ಲಿ ಎರಡೂ ಬೆರೆತೇ ಬರುತ್ತವೆ. ಬೇರೆ ಮಾಡುವುದು ಹೇಗೆ ಎನ್ನುವುದಕ್ಕೆ ಆ ಮೂರು ಗೆರೆಗಳು.

ತಪ್ಪು ಎರಡು ಬಗೆಯಲ್ಲಿ ಆಗಬಹುದು. ಸಹಜ ಏರುಪೇರನ್ನು ಯಾರದೋ ದೋಷ ಎಂದುಕೊಂಡು ಹುಡುಕಾಡುವುದು ಒಂದು. ನಿಜವಾದ ದೋಷವನ್ನು ಇರಲಿ ಬಿಡು, ಹೀಗೆಲ್ಲ ಆಗುತ್ತದೆ ಎಂದು ಬಿಟ್ಟುಬಿಡುವುದು ಇನ್ನೊಂದು. ಎರಡನ್ನೂ ಪೂರ್ತಿ ತಪ್ಪಿಸಲು ಸಾಧ್ಯವಿಲ್ಲ. ಒಂದನ್ನು ಕಡಿಮೆ ಮಾಡಿದರೆ ಮತ್ತೊಂದು ಏರುತ್ತದೆ. ಆದ್ದರಿಂದ ಎರಡರ ಖರ್ಚೂ ಸೇರಿ ಕಡಿಮೆ ಬೀಳುವ ಜಾಗದಲ್ಲಿ ಗೆರೆ ಎಳೆಯಬೇಕು. ಮಧ್ಯದಿಂದ ಮೂರು ಸಿಗ್ಮಾ ದೂರ ಎಂದು ಶೂಹಾರ್ಟ್ ನಿಲ್ಲಿಸಿದ್ದು ಈ ಜಮಾಖರ್ಚಿನ ಮೇಲೆ. ಸಾವಿರಕ್ಕೆ ಮೂರು ಎಂಬ ಲೆಕ್ಕ ತರಬೇತಿಗಳಲ್ಲಿ ಮಂತ್ರದಂತೆ ಕೇಳಿಬರುತ್ತದೆ. ಅದು ಗಂಟೆಯಾಕಾರದ ಹಂಚಿಕೆಗೆ ಮಾತ್ರ ಸರಿ, ಮತ್ತು ಶೂಹಾರ್ಟ್ ಮೂರನ್ನು ಆರಿಸಿದ್ದು ಅನುಭವದಲ್ಲಿ ಅದು ಕೆಲಸ ಮಾಡಿತೆಂದು. ಅವರ ಪುಸ್ತಕದ ಹೆಸರಿನಲ್ಲೇ ಆರ್ಥಿಕ ಎಂಬ ಪದ ಮೊದಲು ಬರುತ್ತದೆ. ಕ್ವಾಲಿಟಿಯವರು ಖರ್ಚು ಹೆಚ್ಚಿಸುವವರು ಎಂದು ಪ್ರೊಡಕ್ಷನ್‌ನವರು ಇಂದಿಗೂ ಗೊಣಗುತ್ತಾರೆ. ಇಡೀ ಶಾಸ್ತ್ರ ಹುಟ್ಟಿದ್ದೇ ಖರ್ಚು ಇಳಿಸಲಿಕ್ಕೆ.

ಇನ್ನು ಕಡಿಮೆ ಅಳತೆಗಳ ಪ್ರಶ್ನೆ. ಸಣ್ಣ ಸ್ಯಾಂಪಲ್ಲಿನ ಲೆಕ್ಕವನ್ನು 1908ರಲ್ಲೇ ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಂಪನಿಯ ವಿಲಿಯಂ ಗಾಸೆಟ್ ಎಂಬುವರು ಸ್ಟೂಡೆಂಟ್ ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದ್ದರು. ಆದರೆ ಆ ಲೆಕ್ಕ ಅಂಕಿಗಳ ಹಂಚಿಕೆ ಗಂಟೆಯಾಕಾರದಲ್ಲಿದೆ ಎಂದು ಮೊದಲೇ ಒಪ್ಪಿಕೊಳ್ಳುತ್ತದೆ. ಕಾರ್ಖಾನೆಯ ಅಂಕಿಗಳು ಯಾರ ಮಾತೂ ಕೇಳುವುದಿಲ್ಲ. ಶೂಹಾರ್ಟ್ ವಾದ ಮಾಡುತ್ತ ಕೂರದೆ ಬೋಗುಣಿಗಳನ್ನು ತಂದಿಟ್ಟುಕೊಂಡರು. ಒಂದರಲ್ಲಿ ಅಂಕಿ ಬರೆದ 998 ಬಿಲ್ಲೆಗಳು, ಗಂಟೆಯಾಕಾರದ ಹಂಚಿಕೆಗೆ ತಕ್ಕಂತೆ. ಇನ್ನೊಂದರಲ್ಲಿ ಎಲ್ಲ ಅಂಕಿಗಳೂ ಸಮಸಮವಾಗಿ. ಮತ್ತೊಂದರಲ್ಲಿ ಒಂದು ಕಡೆಗೆ ಇಳಿಜಾರಾದ ತ್ರಿಕೋನದಂತೆ. ಪ್ರತಿ ಬೋಗುಣಿಯಿಂದಲೂ ಒಂದೊಂದೇ ಬಿಲ್ಲೆ ಎತ್ತಿ, ಅಂಕಿ ಬರೆದು, ವಾಪಸ್ ಹಾಕಿ, ಕಲಸಿ, ಹೀಗೆ 4,000 ಸಲ. ಆ 4,000ವನ್ನು ನಾಲ್ಕು ನಾಲ್ಕರ 1,000 ಗುಂಪು ಮಾಡಿ ಸರಾಸರಿ ತೆಗೆದರು. ಕಂಪ್ಯೂಟರ್ ಇಲ್ಲದ ಕಾಲ. ಈ ಕೆಲಸಕ್ಕೆ ಎಷ್ಟು ತಾಳ್ಮೆ ಬೇಕಾಗಿತ್ತೋ ಊಹಿಸಿಕೊಳ್ಳಿ.

ಬೋಗುಣಿಯೊಳಗೆ ಹಂಚಿಕೆ ಚಪ್ಪಟೆ ಇರಲಿ, ತ್ರಿಕೋನ ಇರಲಿ, ನಾಲ್ಕರ ಸರಾಸರಿಗಳು ಮಾತ್ರ ಹೆಚ್ಚುಕಡಿಮೆ ಗಂಟೆಯಾಕಾರಕ್ಕೇ ಬಂದು ನಿಂತವು. ಹಂಚಿಕೆ ಹೇಗಿದೆ ಎಂದು ಗೊತ್ತಿಲ್ಲದೆಯೂ ನಾಲ್ಕೇ ನಾಲ್ಕು ಅಳತೆಗಳ ಸರಾಸರಿಯ ಮೇಲೆ ಗೆರೆ ಎಳೆಯಬಹುದು ಎನ್ನುವ ಧೈರ್ಯ ಬಂದದ್ದು ಇಲ್ಲಿಂದ. ಜೊತೆಗೆ ನಾಲ್ಕರ ಸರಾಸರಿಯ ಹರಡು ಒಂದೊಂದರ ಹರಡಿನ ಅರ್ಧದಷ್ಟೇ ಇರುತ್ತದೆ. ಹಾಗಾಗಿ ಮಷಿನ್ ಸರಿದದ್ದು ಬೇಗ ಕಣ್ಣಿಗೆ ಬೀಳುತ್ತದೆ. ಗಂಟೆಗೆ ನಾಲ್ಕೇ ಪೀಸು ಏಕೆ ನೋಡುತ್ತೀರಿ, ನಾಲ್ಕು ನೂರು ಏಕೆ ನೋಡುವುದಿಲ್ಲ ಎಂದು ಕೇಳುವ ಹೊಸ ಎಂಜಿನಿಯರ್‌ಗಳಿಗೆ ನಾನು ಹೇಳುವುದು ಈ ಬೋಗುಣಿಗಳ ಕಥೆಯನ್ನೇ.

ಆದರೆ ಆ ನಾಲ್ಕನ್ನು ಹೇಗೆಂದರೆ ಹಾಗೆ ಎತ್ತುವಂತಿಲ್ಲ. ಎರಡು ಮಷಿನ್‌ಗಳ ಮಾಲು ಒಂದೇ ಟ್ರೇಗೆ ಬೀಳುತ್ತಿದ್ದರೆ, ಅದರಿಂದ ನಾಲ್ಕು ಎತ್ತಿ ಅಳೆದರೆ, ಎರಡು ಮಷಿನ್‌ಗಳ ನಡುವಿನ ವ್ಯತ್ಯಾಸ ಗುಂಪಿನೊಳಗೇ ಸೇರಿಹೋಗುತ್ತದೆ. ಗೆರೆಗಳು ಅಗಲವಾಗುತ್ತವೆ, ಯಾವ ಚುಕ್ಕಿಯೂ ಹೊರಗೆ ಹೋಗುವುದಿಲ್ಲ, ಎಲ್ಲರಿಗೂ ಸಂತೋಷ. ಒಂದೇ ಸ್ಥಿತಿಯಲ್ಲಿ ತಯಾರಾದ ನಾಲ್ಕು ಒಂದು ಗುಂಪಾಗಬೇಕು; ಸ್ಥಿತಿ ಬದಲಾಗಿರಬಹುದು ಎಂದು ಅನುಮಾನ ಇರುವಲ್ಲಿ ಗುಂಪು ಒಡೆಯಬೇಕು. ಬ್ಯಾಚ್ ಬದಲಾದಾಗ, ಶಿಫ್ಟ್ ಬದಲಾದಾಗ, ಟೂಲ್ ಬದಲಾದಾಗ. ಅಳತೆಗಳು ಬಂದ ಸರದಿಯನ್ನು ಕೆಡಿಸಬಾರದು. ಈ ಆಯ್ಕೆಗೆ ಸೂತ್ರ ಇಲ್ಲ, ಮಷಿನ್ ಬಲ್ಲವನ ತಿಳಿವಳಿಕೆ ಬೇಕು. ನನ್ನ ಮಟ್ಟಿಗೆ ಶೂಹಾರ್ಟ್ ಹೇಳಿದ್ದರಲ್ಲಿ ಅತಿ ದೊಡ್ಡದು ಇದೇ. ನಾವು ಅತಿ ಕಡಿಮೆ ಪಾಲಿಸುವುದೂ ಇದನ್ನೇ. ಈಗಿನ ಸಾಫ್ಟ್‌ವೇರ್ ಗೆರೆಗಳನ್ನು ಕ್ಷಣದಲ್ಲಿ ಎಳೆಯುತ್ತದೆ, ಗುಂಪು ಮಾಡುವ ಬುದ್ಧಿ ಅದಕ್ಕಿಲ್ಲ.

1931ರಲ್ಲಿ ಬಂದ ಅವರ ಮೊದಲ ಪುಸ್ತಕದಲ್ಲಿ ಒಂದು ಪಟ್ಟಿ ಇದೆ. ವಿದ್ಯುತ್ ನಿರೋಧಕ ವಸ್ತುವಿನ 204 ತುಂಡುಗಳನ್ನು ಅಳೆದು ಮೆಗಾಓಮ್‌ಗಳಲ್ಲಿ ಬರೆದ ಅಂಕಿಗಳು. ಪಟ್ಟಿಯನ್ನು ಸುಮ್ಮನೆ ನೋಡಿದರೆ ಏರುಪೇರು ಇದೆ ಎಂಬುದಷ್ಟೇ ಕಾಣುತ್ತದೆ. ತಯಾರಾದ ಸರದಿಯಲ್ಲೇ ನಾಲ್ಕು ನಾಲ್ಕರ 51 ಗುಂಪು ಮಾಡಿ ಗೆರೆ ಎಳೆದಾಗ ಹಲವು ಚುಕ್ಕಿಗಳು ಹೊರಗೆ ಬಿದ್ದವು. ಅಂದರೆ ಹುಡುಕಿದರೆ ಸಿಗುವ ಕಾರಣಗಳಿವೆ ಎಂದಾಯಿತು. ಹುಡುಕಿದರು, ಸಿಕ್ಕವು, ತೆಗೆದರು. ನಂತರದ ಅಳತೆಗಳು ಗೆರೆಗಳ ಒಳಗೆ ನಿಂತವು. ಅಲ್ಲಿಂದ ಮುಂದೆ ಏರುಪೇರು ಇನ್ನೂ ಇಳಿಯಬೇಕೆಂದರೆ ವಿಧಾನವನ್ನೇ ಬದಲಿಸಬೇಕು. ಕೆಲಸಗಾರರನ್ನು ಗದರಿ ಉಪಯೋಗವಿಲ್ಲ. ಅವರು ಎಚ್ಚರಿಕೆಯನ್ನೂ ಕೊಟ್ಟರು. ನಾಲ್ಕೈದು ಗುಂಪು ಒಳಗೆ ಬಿದ್ದ ಮಾತ್ರಕ್ಕೆ ಎಲ್ಲ ಹತೋಟಿಯಲ್ಲಿದೆ ಎನ್ನುವ ಹಾಗಿಲ್ಲ. ನಾಲ್ಕು ಅಳತೆಯ 25 ಗುಂಪಾದರೂ ಸತತವಾಗಿ ಒಳಗೆ ನಿಲ್ಲಬೇಕು.

ಕ್ವಾಲಿಟಿ ವಿಭಾಗದ ಹೊರಗಿನವರಿಗಾಗಿ ಒಂದು ಸಣ್ಣ ಲೆಕ್ಕ. 25 ಮಿಲಿಮೀಟರ್ ವ್ಯಾಸದ ಶಾಫ್ಟ್ ಎಂದುಕೊಳ್ಳಿ. ಡ್ರಾಯಿಂಗಿನಲ್ಲಿ 0.05 ಮಿಲಿಮೀಟರ್ ಮೇಲೆ ಕೆಳಗೆ ಬಿಟ್ಟಿದ್ದಾರೆ. ಗಂಟೆಗೊಮ್ಮೆ ಸಾಲಾಗಿ ನಾಲ್ಕು ಪೀಸು ಅಳೆಯುತ್ತೇವೆ. 25 ಗುಂಪು ಮುಗಿದ ಮೇಲೆ ಒಟ್ಟು ಸರಾಸರಿ 25.004, ಗುಂಪಿನೊಳಗೆ ದೊಡ್ಡದು ಚಿಕ್ಕದರ ನಡುವಿನ ಅಂತರದ ಸರಾಸರಿ 0.020. ಇದನ್ನು ನಾಲ್ಕರ ಗುಂಪಿಗೆ ಗೊತ್ತಾದ 0.729 ಎಂಬ ಅಂಕಿಯಿಂದ ಗುಣಿಸಿದರೆ ಸುಮಾರು 0.015. ಗೆರೆಗಳು 24.989 ಮತ್ತು 25.019. ಬೆಳಗ್ಗೆ ಹತ್ತಕ್ಕೆ ಸರಾಸರಿ 25.012 ಬಂತು: ಮಷಿನ್ ಮುಟ್ಟಬೇಡಿ. ಮಧ್ಯಾಹ್ನ ಮೂರಕ್ಕೆ 25.024 ಬಂತು: ಟೂಲ್ ನೋಡಿ, ಕೂಲಂಟ್ ನೋಡಿ. ಆ ನಾಲ್ಕು ಪೀಸೂ ಡ್ರಾಯಿಂಗಿನ ಪ್ರಕಾರ ಸರಿಯಾಗಿಯೇ ಇವೆ, ಗಿರಾಕಿಗೆ ಹೋಗಬಹುದು. ಕೆಟ್ಟ ಪೀಸು ಹುಟ್ಟುವ ಮೊದಲೇ ಸುದ್ದಿ ಬಂದಿದೆ, ಅಷ್ಟೇ. ದೊಡ್ಡದು ಚಿಕ್ಕದರ ಅಂತರ ಹಿಡಿಯುವ ಈ ಸುಲಭ ದಾರಿ ಶೂಹಾರ್ಟ್ ಪುಸ್ತಕದ್ದಲ್ಲ. ಅವರು ವರ್ಗಮೂಲ ತೆಗೆಯುವ ಕಷ್ಟದ ದಾರಿಯನ್ನೇ ಹಿಡಿದಿದ್ದರು, ನಂತರದವರು ಹಗುರ ಮಾಡಿದರು. ದಿನಕ್ಕೆ ಒಂದೇ ಅಳತೆ ಸಿಗುವ ಕಡೆ, ಉದಾಹರಣೆಗೆ ಫರ್ನೇಸಿನ ಒಂದು ಚಾರ್ಜಿಗೆ ಒಂದೇ ಗಡಸುತನದ ಪರೀಕ್ಷೆ ಇರುವಲ್ಲಿ, ಇಂದಿನ ಮತ್ತು ನಿನ್ನೆಯ ಅಳತೆಗಳ ಅಂತರ ಹಿಡಿದು ಗೆರೆ ಎಳೆಯುವ ರೂಢಿಯೂ ಹಾಗೆ ಮುಂದೆ ಬೆಳೆದದ್ದೇ.

ನಾನು ಮೊದಲು ಕೆಲಸಕ್ಕಿದ್ದ ಒಂದು ಕಾರ್ಖಾನೆಯಲ್ಲಿ, ಹೆಸರು ಬೇಡ, ಬೆಳಗ್ಗೆ ಎಂಟೂವರೆಯ ಮೀಟಿಂಗಿಗೆ ಹಿಂದಿನ ದಿನ ಹೆಚ್ಚು ರಿಜೆಕ್ಷನ್ ಕೊಟ್ಟ ಆಪರೇಟರನ್ನು ಕರೆಸಿ ಎಲ್ಲರೆದುರು ನಿಲ್ಲಿಸುತ್ತಿದ್ದರು. ಹತ್ತು ಜನ ಆಪರೇಟರ್‌ಗಳು ಇದ್ದರೆ ಯಾವತ್ತೂ ಒಬ್ಬ ಕೊನೆಯವನು ಇದ್ದೇ ಇರುತ್ತಾನೆ. ಇಂದು ಇವನು, ನಾಳೆ ಅವನು. ಮೂರು ತಿಂಗಳ ಅಂಕಿ ಹಾಳೆಗೆ ಹಾಕಿ ನೋಡಿದಾಗ ಹತ್ತೂ ಜನ ಗೆರೆಗಳ ಒಳಗೇ ಇದ್ದರು. ಸರದಿ ಪ್ರಕಾರ ಅವಮಾನ ಹಂಚಿಕೆಯಾಗುತ್ತಿತ್ತು. ಹಾಳೆ ತೋರಿಸಿದ ಮೇಲೂ ಆ ಮೀಟಿಂಗ್ ನಿಲ್ಲಲು ವರ್ಷ ಹಿಡಿಯಿತು. ಇಂಕ್ರಿಮೆಂಟ್, ಕಾಂಟ್ರ್ಯಾಕ್ಟ್ ನವೀಕರಣ ಇಂಥ ಮೀಟಿಂಗುಗಳ ಮೇಲೆ ನಿಂತಿರುವಾಗ ಗೆರೆ ಎಲ್ಲಿದೆ ಎನ್ನುವುದು ಬರೀ ಗಣಿತದ ಮಾತಾಗಿ ಉಳಿಯುವುದಿಲ್ಲ.

ಶೂಹಾರ್ಟ್ ಬದುಕಿಗೆ ಬರೋಣ. 1925ರಲ್ಲಿ ಬೆಲ್ ಟೆಲಿಫೋನ್ ಲ್ಯಾಬೊರೇಟರೀಸ್ ಹುಟ್ಟಿದಾಗ ಅವರು ಅಲ್ಲಿಗೆ ಬಂದರು, 1956ರಲ್ಲಿ ನಿವೃತ್ತರಾಗುವವರೆಗೂ ಅಲ್ಲೇ ಇದ್ದರು. ಜೊತೆಯಲ್ಲಿ ಹೆರಾಲ್ಡ್ ಡಾಡ್ಜ್, ಹ್ಯಾರಿ ರೋಮಿಗ್. ಬಂದ ಲಾಟನ್ನು ಸ್ಯಾಂಪಲ್ ನೋಡಿ ತೆಗೆದುಕೊಳ್ಳುವುದೋ ಬಿಡುವುದೋ ಎಂದು ಹೇಳುವ ಕೋಷ್ಟಕಗಳು ಇವರಿಬ್ಬರ ಹೆಸರಿನಲ್ಲೇ ಇವೆ. 1926ರಲ್ಲಿ ಹೊಸ ವಿಧಾನಗಳನ್ನು ಹಾಥಾರ್ನ್ ಕಾರ್ಖಾನೆಯಲ್ಲಿ ಅಳವಡಿಸಲು ಬೆಲ್ ಲ್ಯಾಬ್ಸ್‌ನ ತಂಡ ಹೋಯಿತು. ಅಲ್ಲಿದ್ದ ಜೋಸೆಫ್ ಜುರಾನ್ ಎಂಬ ತರುಣ ಎಂಜಿನಿಯರ್ ಮುಂದೆ ತಾವೂ ದೊಡ್ಡ ಹೆಸರಾದರು. ಜುರಾನ್‌ಗೆ ಶೂಹಾರ್ಟ್ ಬಗ್ಗೆ ಗೌರವ ಇತ್ತು, ಆದರೆ ಕುರುಡು ಭಕ್ತಿ ಇರಲಿಲ್ಲ. ಶೂಹಾರ್ಟ್‌ಗೆ ಕಾರ್ಖಾನೆಯ ಒಳಗಿನ ವ್ಯವಹಾರ ಅಷ್ಟಾಗಿ ತಿಳಿಯದು, ಆಪರೇಟರ್‌ಗಳ ಜೊತೆ, ಮ್ಯಾನೇಜರ್‌ಗಳ ಜೊತೆ ಅವರಿಗೆ ಅರ್ಥವಾಗುವಂತೆ ಮಾತಾಡಲು ಬಾರದು ಎನ್ನುವುದು ಅವರ ಅಭಿಪ್ರಾಯ. ಇರಬಹುದು. ಹಾಥಾರ್ನ್ ಕಾರ್ಖಾನೆಯಲ್ಲಿ ಚಾರ್ಟುಗಳು ಹರಡಲು ವರ್ಷಗಟ್ಟಲೆ ಹಿಡಿಯಿತು ಎನ್ನುವುದಂತೂ ನಿಜ.

ಬರವಣಿಗೆಯೂ ಕಷ್ಟದ್ದೇ. ಒಂದೊಂದು ವಾಕ್ಯವನ್ನೂ ಯಾರೂ ತಪ್ಪು ತಿಳಿಯಬಾರದೆಂದು ತಿದ್ದಿ ತಿದ್ದಿ ಬರೆಯುತ್ತಿದ್ದರು. ಡೆಮಿಂಗ್ ಇದರ ಬಗ್ಗೆ ತಮಾಷೆ ಮಾಡುತ್ತಿದ್ದರು: ಯಾರೂ ತಪ್ಪು ತಿಳಿಯದ ಹಾಗೆ ಬರೆಯಲು ಹೋಗಿ ಯಾರಿಗೂ ತಿಳಿಯದ ಹಾಗೆ ಆಯಿತು ಎಂದು. ಡೆಮಿಂಗ್ 1925 ಮತ್ತು 1926ರ ಬೇಸಿಗೆಗಳಲ್ಲಿ ವಿದ್ಯಾರ್ಥಿಯಾಗಿ ಹಾಥಾರ್ನ್‌ನಲ್ಲಿ ಕೆಲಸ ಮಾಡಿದ್ದರೂ ಶೂಹಾರ್ಟ್ ಪರಿಚಯ ಆಗಿದ್ದು ಆಮೇಲೆ, ವಾಷಿಂಗ್ಟನ್‌ನ ಕೃಷಿ ಇಲಾಖೆ ಸೇರಿದ ಮೇಲೆ. ನ್ಯೂಜೆರ್ಸಿಯ ಮೌಂಟನ್ ಲೇಕ್ಸ್‌ನಲ್ಲಿದ್ದ ಶೂಹಾರ್ಟ್ ಮನೆಗೆ ಅವರು ಹೋಗಿಬರುತ್ತಿದ್ದರು. 1938ರಲ್ಲಿ ಗುರುವನ್ನು ವಾಷಿಂಗ್ಟನ್ನಿಗೆ ಕರೆಸಿ ಉಪನ್ಯಾಸ ಮಾಡಿಸಿದರು. ಅವನ್ನು ತಾವೇ ಕೂತು ಸಂಪಾದಿಸಿ ಮರುವರ್ಷ ಪುಸ್ತಕವಾಗಿ ಹೊರತಂದರು. ಶೂಹಾರ್ಟ್ ಮತ್ತೆ ಮತ್ತೆ ಓದುತ್ತಿದ್ದ ದಾರ್ಶನಿಕ ಸಿ. ಐ. ಲೂಯಿಸ್ ಅವರ ಪ್ರಭಾವ ಇದರಲ್ಲಿ ಎದ್ದು ಕಾಣುತ್ತದೆ. ಏನು ಬೇಕೆಂದು ನಿಗದಿ ಮಾಡುವುದು, ತಯಾರಿಸುವುದು, ಪರೀಕ್ಷಿಸುವುದು ಈ ಮೂರನ್ನೂ ನೇರ ಸಾಲಿನಲ್ಲಿ ಇಡದೆ ವೃತ್ತದಲ್ಲಿ ಬರೆದದ್ದು ಇಲ್ಲೇ. ನಮ್ಮ ಕಾರ್ಖಾನೆಗಳ ಗೋಡೆಗಳಲ್ಲಿ ನಾಲ್ಕು ಬಣ್ಣದಲ್ಲಿ ಅಂಟಿಸಿರುವ ಪಿಡಿಸಿಎ ಚಕ್ರದ ಮೂಲ ಇದು.

ಅದಕ್ಕೂ ಮೊದಲು, 1932ರಲ್ಲಿ, ಅವರು ಲಂಡನ್ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ ಕೊಟ್ಟಿದ್ದರು. ಅದರ ಪರಿಣಾಮವಾಗಿ ಈಗನ್ ಪಿಯರ್ಸನ್ ಬರೆದ ಬ್ರಿಟಿಷ್ ಮಾನಕ 1935ರಲ್ಲಿ ಬಂತು. ಎರಡನೇ ಮಹಾಯುದ್ಧ ಬಂದಾಗ ಅಮೆರಿಕವೂ ಎಚ್ಚೆತ್ತಿತು. 1941-42ರಲ್ಲಿ ಕಂಟ್ರೋಲ್ ಚಾರ್ಟ್ ಮೇಲೆ ಮೂರು ಯುದ್ಧಕಾಲದ ಮಾನಕಗಳು ಹೊರಬಂದವು, ಶಸ್ತ್ರಾಸ್ತ್ರ ತಯಾರಿಸುವ ಕಾರ್ಖಾನೆಗಳ ಸಾವಿರಾರು ಜನರಿಗೆ ತರಬೇತಿ ನಡೆಯಿತು. ಯುದ್ಧ ಮುಗಿದು 1946ರಲ್ಲಿ ಅಮೆರಿಕದ ಕ್ವಾಲಿಟಿ ಕಂಟ್ರೋಲ್ ಸೊಸೈಟಿ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರಾದವರು ಅದೇ ಜಾರ್ಜ್ ಎಡ್ವರ್ಡ್ಸ್, 1924ರಲ್ಲಿ ಆ ಒಂದು ಪುಟ ತೆಗೆದುಕೊಂಡವರು. ಶೂಹಾರ್ಟ್ ಮೊದಲ ಗೌರವ ಸದಸ್ಯರಾದರು.

ಅವರ ಬದುಕಿನಲ್ಲಿ ನಮಗೆ ಹತ್ತಿರದ ಅಧ್ಯಾಯ ಇದರ ನಂತರದ್ದು. ಕಲ್ಕತ್ತದಲ್ಲಿ ಪಿ. ಸಿ. ಮಹಲನೋಬಿಸ್ 1931ರಲ್ಲಿ ಕಟ್ಟಿದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಆಗಲೇ ಹೆಸರು ಮಾಡಿತ್ತು. ಬಂಗಾಳದಲ್ಲಿ ಸೆಣಬು ಎಷ್ಟು ಬೆಳೆದಿದೆ ಎಂದು ಊರೂರಿನ ಹೊಲ ಅಳೆಯದೆ ಆಯ್ದ ಕೆಲವೇ ತುಂಡುಗಳನ್ನು ನೋಡಿ ಹೇಳಿದವರು ಮಹಲನೋಬಿಸ್. ಕಡಿಮೆ ನೋಡಿ ಹೆಚ್ಚು ತಿಳಿಯುವ ವಿದ್ಯೆಯಲ್ಲಿ ಇವರಿಬ್ಬರೂ ಒಂದೇ ಮನೆತನದವರು. ಮಹಲನೋಬಿಸ್ ಕರೆಗೆ ಓಗೊಟ್ಟು 1947-48ರಲ್ಲಿ ಶೂಹಾರ್ಟ್ ಭಾರತಕ್ಕೆ ಬಂದು ಸುಮಾರು ಮೂರು ತಿಂಗಳು ಇದ್ದರು. ಸ್ವಾತಂತ್ರ್ಯ ಬಂದು ಕೆಲವೇ ತಿಂಗಳು. ದೇಶ ಒಡೆದ ಗಾಯ ಹಸಿಯಾಗಿತ್ತು, ಬೇರೆ ದೇಶದ ಮಾಲು ಒಳ್ಳೆಯದು ನಮ್ಮದು ಕಚಡಾ ಎಂಬ ಭಾವನೆ ಗಟ್ಟಿಯಾಗಿತ್ತು. ಅಂಥ ಹೊತ್ತಿನಲ್ಲಿ ಈ ಮನುಷ್ಯ ದೇಶ ಸುತ್ತಿ, ಸಭೆಗಳಲ್ಲಿ ಉದ್ಯಮಿಗಳ ಜೊತೆ ಕೂತು ತಮ್ಮ ಗೆರೆಗಳ ಬಗ್ಗೆ ಮಾತಾಡಿದರು. ಜಪಾನಿನಲ್ಲಿ ಡೆಮಿಂಗ್ ಅವರ ಪ್ರಸಿದ್ಧ ಉಪನ್ಯಾಸಗಳು ನಡೆದದ್ದು 1950ರಲ್ಲಿ. ಅಂದರೆ ಗುರು ನಮ್ಮಲ್ಲಿಗೆ ಬಂದುಹೋದದ್ದು ಶಿಷ್ಯ ಅಲ್ಲಿಗೆ ಹೋಗುವುದಕ್ಕೆ ಎರಡು ವರ್ಷ ಮೊದಲೇ. ಅಲ್ಲಿ ಕಂಪನಿಗಳ ಮುಖ್ಯಸ್ಥರೇ ಇದನ್ನು ಕೈಗೆತ್ತಿಕೊಂಡರು. ನಮ್ಮಲ್ಲಿ ಬಹಳ ಕಾಲ ಇದು ಸಂಖ್ಯಾಶಾಸ್ತ್ರಜ್ಞರ ಕೈಯಲ್ಲೇ ಉಳಿಯಿತು. ವ್ಯತ್ಯಾಸ ಆದದ್ದು ಅಲ್ಲೇ ಎಂದು ನನ್ನ ಎಣಿಕೆ.

ಹಾಗೆಂದು ಬಂದದ್ದು ವ್ಯರ್ಥವಾಗಲಿಲ್ಲ. 1950ರ ದಶಕದ ಮೊದಲ ಭಾಗದಲ್ಲಿ ಕಾರ್ಖಾನೆಗಳಿಗೆ ನೆರವಾಗಲು ಮಹಲನೋಬಿಸ್ ಸಂಸ್ಥೆ ಎಸ್‌ಕ್ಯೂಸಿ ಘಟಕಗಳನ್ನು ತೆರೆಯಿತು. ಮೊದಮೊದಲು ತೆರೆದ ಊರುಗಳಲ್ಲಿ ಕಲ್ಕತ್ತ, ಮುಂಬಯಿ ಜೊತೆಗೆ ನಮ್ಮ ಬೆಂಗಳೂರೂ ಇತ್ತು. ಶೂಹಾರ್ಟ್ ಬದುಕು ಸವೆಸಿದ್ದು ಟೆಲಿಫೋನ್ ತಯಾರಿಸುವ ಉದ್ಯಮದಲ್ಲಿ. ಅವರು ಬಂದುಹೋದ 1948ರಲ್ಲೇ ಬೆಂಗಳೂರಿನ ಕೃಷ್ಣರಾಜಪುರದ ಬಳಿ ಐಟಿಐ ಟೆಲಿಫೋನ್ ಕಾರ್ಖಾನೆ ಶುರುವಾದದ್ದು ಬರೀ ಕಾಕತಾಳೀಯ, ಆದರೂ ನನಗೆ ಖುಷಿ ಕೊಡುವ ಕಾಕತಾಳೀಯ. ಅಂದಹಾಗೆ ಪ್ರೆಷರ್ ಕುಕ್ಕರ್ ಮೇಲಿನ ಐಎಸ್‌ಐ ಗುರುತಿಗೂ ಮಹಲನೋಬಿಸ್ ಅವರ ಐಎಸ್‌ಐಗೂ ಸಂಬಂಧವಿಲ್ಲ. ಆ ಗುರುತು 1947ರಲ್ಲಿ ಹುಟ್ಟಿದ ಮಾನಕ ಸಂಸ್ಥೆಯದು. ನೌಕರಿ ಸಂದರ್ಶನಗಳಲ್ಲಿ ಈ ಗೊಂದಲ ಈಗಲೂ ಕೇಳಿಬರುತ್ತದೆ.

1962ರಲ್ಲಿ ಐಎಸ್‌ಐ ತನ್ನ ಮೊದಲ ಘಟಿಕೋತ್ಸವ ನಡೆಸಿದಾಗ ಗೌರವ ಡಾಕ್ಟರೇಟ್ ಕೊಟ್ಟದ್ದು ನಾಲ್ವರಿಗೆ: ಸತ್ಯೇಂದ್ರನಾಥ ಬೋಸ್, ರೊನಾಲ್ಡ್ ಫಿಶರ್, ಆಂಡ್ರೇ ಕೊಲ್ಮೊಗೊರೊವ್ ಮತ್ತು ವಾಲ್ಟರ್ ಶೂಹಾರ್ಟ್. ಎಂಥವರ ಸಾಲಿನಲ್ಲಿ ಅವರನ್ನು ಕೂರಿಸಿದ್ದರು ಎಂದು ಇದರಿಂದ ತಿಳಿಯುತ್ತದೆ. 1967ರ ಮಾರ್ಚ್ 11ರಂದು ನ್ಯೂಜೆರ್ಸಿಯ ಟ್ರಾಯ್ ಹಿಲ್ಸ್‌ನಲ್ಲಿ ಅವರು ತೀರಿಕೊಂಡರು, 76 ತುಂಬಲು ಒಂದು ವಾರ ಉಳಿದಿತ್ತು. ಡೆಮಿಂಗ್ ಅಮೆರಿಕದ ಮನೆಮಾತಾಗಲು ಇನ್ನೂ ಹದಿಮೂರು ವರ್ಷ ಬೇಕಾಗಿತ್ತು.

1931ರ ಪುಸ್ತಕವನ್ನು ಅಮೆರಿಕದ ಕ್ವಾಲಿಟಿ ಸೊಸೈಟಿ 1980ರಲ್ಲಿ ಮತ್ತೆ ಅಚ್ಚು ಹಾಕಿಸಿದೆ. ಪೂರ್ತಿ ಓದಿ ಎಂದು ಯಾರಿಗೂ ಹೇಳಲಾರೆ, ಕಬ್ಬಿಣದ ಕಡಲೆ. ಆ 204 ಅಂಕಿಗಳ ಪಟ್ಟಿ ಮಾತ್ರ ಮೊದಲ ಪುಟಗಳಲ್ಲೇ ಸಿಗುತ್ತದೆ. ಒಂದು ಭಾನುವಾರ ಎಕ್ಸೆಲ್‌ನಲ್ಲಿ ಅದನ್ನು ಸರದಿ ಕೆಡದಂತೆ ತುಂಬಿಕೊಂಡು, ನಾಲ್ಕು ನಾಲ್ಕು ಗುಂಪು ಮಾಡಿ ಗೆರೆ ಎಳೆದು ನೋಡಿ. ಆಮೇಲೆ ಅದೇ 204ನ್ನು ಮನಸ್ಸಿಗೆ ಬಂದಂತೆ ಕಲಸಿ ಮತ್ತೆ ಗುಂಪು ಮಾಡಿ. ಮೊದಲ ಹಾಳೆಯಲ್ಲಿ ಹೊರಗಿದ್ದ ಚುಕ್ಕಿಗಳು ಎರಡನೆಯದರಲ್ಲಿ ಬಹುಪಾಲು ಒಳಗೆ ಸೇರಿಕೊಂಡಿರುತ್ತವೆ.